ನಕ್ಷತ್ರ ಮಸುಕು ಮಾಡುವವನ ಬಲಗಣ್ಣು

"ಇದು ಛಲೋ ಕಾಣ್ತೈತೋ, ಅದೋ?"

ನನ್ನ ಆಯುಷ್ಯದಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ಇದೇ ಇರಬೇಕು. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ನನ್ನದೊಂದು ಚಷ್ಮಾ ಅಂಗಡಿ. ಬಂದವರನ್ನು ಒಳಗಿನ ಕತ್ತಲೆ ಕೋಣೆಯ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಒಂದೊಂದೇ ಗಾಜು ಬದಲಿಸುತ್ತ ಈ ಪ್ರಶ್ನೆ ಕೇಳುತ್ತೇನೆ. "ಎರಡೂ ಛಲೋ ಅದಾವ್ರಿ" ಎನ್ನುವವರು ಕೆಲವರು. "ನೀವ ಹೇಳ್ರಿ, ನಿಮಗ ಗೊತ್ತಿರ್ತೈತಿ" ಎನ್ನುವವರು ಹಲವರು. ಅವರ ಕಣ್ಣೊಳಗೆ ಹೊಕ್ಕು ನೋಡಲು ನನಗೆ ಬರುತ್ತದೆಯೇ? ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಆದರೂ ಗಿರಾಕಿಗಳು ಬರುತ್ತಾರೆ, ಏಕೆಂದರೆ ನಾನು ಕೊಟ್ಟ ನಂಬರು ತಪ್ಪುವುದಿಲ್ಲ.

ಸಂಜೆ ಅಂಗಡಿ ಬಾಗಿಲು ಎಳೆದು ಗೋಪನಕೊಪ್ಪದ ಮನೆಗೆ ಬಂದು ಮಾಳಿಗೆ ಹತ್ತಿದೆನೆಂದರೆ ಅದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ. ಈ ನಕ್ಷತ್ರ ಹೆಚ್ಚು ಬೆಳಗುತ್ತದೋ, ಆ ಧೂಮಕೇತುವೋ? ದೂರದ ಧೂಮಕೇತುಗಳ ಬೆಳಕನ್ನು ಕಣ್ಣಳತೆಯಲ್ಲಿ ಅಳೆಯುವುದು ನನ್ನ ಚಟ. ಮಾಳಿಗೆಯ ಮೂಲೆಯಲ್ಲಿ, ತಾಡಪತ್ರಿ ಹೊದ್ದು ನಿಂತಿರುವ ದಪ್ಪ ಕೊಳವೆಯೇ ನನ್ನ ದೂರದರ್ಶಕ. ಪಕ್ಕದ ಮನೆಗೆ ಹೊಸದಾಗಿ ಬಂದವರು ಕಾಂಪೌಂಡಿನ ಮೇಲಿಂದ ಇಣುಕಿ, "ನಿಮ್ಮ ಸೋಲಾರ್ ಎಷ್ಟು ಲೀಟರಿಂದ್ರಿ? ಮೋಡ ಆದಾಗೂ ನೀರು ಕಾಯ್ತಾವೇನು?" ಎಂದು ಕೇಳಿದ್ದರು. ಕರೆಂಟು ಹೋದಾಗ ಇಡೀ ಓಣಿ ಗೊಣಗುತ್ತದೆ. ನಾನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡುತ್ತೇನೆ. ಇದನ್ನು ಕಂಡ ಓಣಿಯವರು ನನ್ನ ಬಗ್ಗೆ ಏನು ತಿಳಿದುಕೊಂಡಿದ್ದಾರೋ ನಾನು ಕೇಳಲು ಹೋಗಿಲ್ಲ.

ಧೂಮಕೇತು ಎಂದೊಡನೆ ಜನ ಉದ್ದ ಬಾಲ ನೆನೆಯುತ್ತಾರೆ. ಅಂಥದ್ದು ಬರುವುದು ಅಪರೂಪ. ನಾನು ನೋಡುವವು ಸೂರ್ಯನಿಂದ ಬಹಳ ದೂರದಲ್ಲಿ ತಮ್ಮ ಪಾಡಿಗೆ ತಾವು ಹೋಗುತ್ತಿರುವಂಥವು. ದೂರದರ್ಶಕದಲ್ಲಿ ಅವು ಕಾಣುವುದು ಅಂಗಿಗೆ ಹತ್ತಿದ ಹತ್ತಿಯ ಎಳೆಯಷ್ಟೆ. ಇಂಥ ಹರಡಿದ ಮಸುಕನ್ನು ಚುಕ್ಕಿಯಂಥ ನಕ್ಷತ್ರದ ಜೊತೆ ಹೋಲಿಸುವುದು ಹೇಗೆ? ಅದಕ್ಕೊಂದು ಹಳೆಯ ಯುಕ್ತಿಯಿದೆ. ಮೊದಲು ಧೂಮಕೇತುವನ್ನು ಚೆನ್ನಾಗಿ ನೋಡಿ ಅದರ ಬೆಳಕನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ಹತ್ತಿರದ ಒಂದು ನಕ್ಷತ್ರಕ್ಕೆ ತಿರುಗಿಸಿ, ಅದು ಕೂಡ ಧೂಮಕೇತುವಿನಷ್ಟೇ ಅಗಲಕ್ಕೆ ಊದಿಕೊಳ್ಳುವ ತನಕ ಫೋಕಸ್ ಕೆಡಿಸಬೇಕು. ಈಗ ಎರಡೂ ಒಂದೇ ಅಗಲ. ಯಾವುದು ಹೆಚ್ಚು ಎಂದು ತೂಗಬಹುದು. ಸ್ವಲ್ಪ ಹೆಚ್ಚಿನದೊಂದು, ಸ್ವಲ್ಪ ಕಡಿಮೆಯದೊಂದು ನಕ್ಷತ್ರ ಹಿಡಿದು, ಅವೆರಡರ ನಡುವೆ ನಮ್ಮದು ಎಲ್ಲಿ ಕೂಡುತ್ತದೆ ಎಂದು ನಿರ್ಧರಿಸಿದರೆ ಆ ಸಂಜೆಯ ಅಂಕಿ ಸಿಕ್ಕಂತೆ. ಬೆಳಕು ಕಡಿಮೆಯಾದಷ್ಟೂ ಅಂಕಿ ದೊಡ್ಡದು, ಪರೀಕ್ಷೆಯ ರ್‍ಯಾಂಕಿನ ಹಾಗೆ. ಹಗಲೆಲ್ಲ ಮಸುಕನ್ನು ಸ್ಪಷ್ಟ ಮಾಡಿ, ಸಂಜೆಗೆ ಸ್ಪಷ್ಟ ಇದ್ದದ್ದನ್ನು ಮಸುಕು ಮಾಡುವ ಮನುಷ್ಯ ಎಂದು ನನ್ನ ಹೆಂಡತಿ ನನ್ನನ್ನು ಆಡಿಕೊಳ್ಳುತ್ತಾಳೆ.

ಕ್ಯಾಮರಾ ಹಚ್ಚಿ ಅಳೆಯುವವರು ಈಗ ಬಹಳ ಮಂದಿ ಇದ್ದಾರೆ. ಅವರ ಲೆಕ್ಕ ನಮಗಿಂತ ನಿಖರ, ಒಪ್ಪುತ್ತೇನೆ. ಆದರೆ ಹಿಂದಿನ ತಲೆಮಾರಿನವರು ಧೂಮಕೇತುಗಳನ್ನು ಕಣ್ಣಿನಿಂದಲೇ ಅಳೆದಿಟ್ಟು ಹೋಗಿದ್ದಾರೆ. ಅವರ ಅಂಕಿಗಳ ಜೊತೆ ಇಂದಿನದನ್ನು ಹೋಲಿಸಬೇಕಾದರೆ ಇಂದೂ ಕೆಲವರು ಕಣ್ಣಿನಿಂದ ನೋಡಬೇಕಾಗುತ್ತದೆ. ನಮ್ಮಂಥವರದೊಂದು ಸಣ್ಣ ಗುಂಪಿದೆ. ಮೈಸೂರಿನ ಒಬ್ಬ ತಾಯಿ ಎಲ್ಲರ ಅಂಕಿಗಳನ್ನೂ ಒಂದೇ ನಕ್ಷೆಯಲ್ಲಿ ಕೂಡಿಸಿಡುತ್ತಾರೆ.

ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ನಿನ್ನ ಅಂಕಿ ಬರೆಯುವ ಮುಂಚೆ ಇನ್ನೊಬ್ಬರ ಅಂಕಿ ನೋಡಕೂಡದು, ನಿನ್ನದನ್ನೂ ಯಾರ ಕಿವಿಗೂ ಹಾಕಕೂಡದು. ಒಮ್ಮೆ ಕೇಳಿಬಿಟ್ಟರೆ ಕಣ್ಣು ತಾನಾಗಿ ಆ ಕಡೆ ವಾಲುತ್ತದೆ. ನಾನಂತೂ ಇನ್ನೂ ಒಂದು ಕೈ ಮೇಲೆ. ಒಂದು ಧೂಮಕೇತು ಪೂರ್ತಿ ಮರೆಯಾಗುವ ತನಕ ಗುಂಪಿನ ನಕ್ಷೆಯನ್ನು ತೆರೆದೇ ನೋಡುತ್ತಿರಲಿಲ್ಲ. ಅಂಕಿ ತಿದ್ದುವುದಂತೂ ನಮ್ಮ ಪಾಲಿಗೆ ಮಹಾಪಾಪ. ಹಾಗೆ ತಿದ್ದಿದ ಒಬ್ಬನ ಜೊತೆ ನಾನು ಮಾತು ಬಿಟ್ಟು ವರ್ಷಗಳಾದವು.

ಇಲ್ಲಿ ನನ್ನ ಕಣ್ಣಿನ ವಿಷಯ ಹೇಳಲೇಬೇಕು. ನನ್ನ ಎಡಗಣ್ಣು ಹುಟ್ಟಾ ಮೈಗಳ್ಳ. ಎಂಥ ಗಾಜು ಹಾಕಿದರೂ ದೊಡ್ಡ ಅಕ್ಷರದ ಕೆಳಗೆ ಇಳಿಯುವುದಿಲ್ಲ. ಅಂಗಡಿಯೂ ಧೂಮಕೇತುವೂ ನಡೆದದ್ದು ಬಲಗಣ್ಣೊಂದರ ದುಡಿಮೆಯಿಂದ.

ಮೊನ್ನೆಯ ದೀಪಾವಳಿಯ ಹೊತ್ತಿಗೆ ಒಂದು ಹೊಸ ಧೂಮಕೇತು ಸಂಜೆಯ ಆಕಾಶಕ್ಕೆ ಬಂತು. ಮತ್ತೆ ಅದು ಈ ಕಡೆ ಬರುವುದು ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ದಕ್ಕುವ ಮಾತಲ್ಲ. ಪಟಾಕಿಯ ಹೊಗೆ ತಿಳಿಯಾದ ಮೇಲೆ ಅದನ್ನು ಹುಡುಕಿದೆ, ಸಲೀಸಾಗಿ ಸಿಕ್ಕಿತು. ಶಿವರಾತ್ರಿಯ ಆಚೆ ಈಚೆ ಪಶ್ಚಿಮದ ಸಂಜೆಬೆಳಕಿನಲ್ಲಿ ಅದು ಮುಳುಗುವ ತನಕ ಬೆಳದಿಂಗಳಿಲ್ಲದ ಒಂದು ಸಂಜೆಯೂ ಬಿಡಬಾರದು ಎಂದು ಅಂದೇ ನಿರ್ಧರಿಸಿದೆ. ಅಂಗಡಿಯನ್ನು ಬೇಗ ಮುಚ್ಚತೊಡಗಿದೆ. ಕೆಲಸದ ಹುಡುಗಿಯರಿಗೆ ಬಹಳ ಖುಷಿಯಾಯಿತು.

ಆದರೆ ವಾರ ಕಳೆದಂತೆ ಧೂಮಕೇತು ಸೊರಗತೊಡಗಿತು. ಒಂಬತ್ತೂವರೆ ಇದ್ದದ್ದು ಒಂಬತ್ತೂಮುಕ್ಕಾಲಾಯಿತು. ಡಿಸೆಂಬರಿನಲ್ಲಿ ಹತ್ತು ದಾಟಿತು. ನಕ್ಷತ್ರಗಳು ತಕರಾರಿಲ್ಲದೆ ಕಾಣುತ್ತಿದ್ದವು, ಇದೊಂದೇ ಹಿನ್ನೆಲೆಯಲ್ಲಿ ಕರಗಿ ಹೋಗುತ್ತಿತ್ತು. ಎಲ್ಲೋ ಒಳಗೊಳಗೇ ಒಡೆದು ಚೂರಾಗುತ್ತಿರಬೇಕು ಎಂದುಕೊಂಡೆ. ಅದನ್ನು ಮೊದಲು ಗುರುತಿಸಿದವನು ನಾನೇ ಎಂದು ಸಣ್ಣಗೆ ಹೆಮ್ಮೆಯೂ ಆಯಿತು.

ಆಗ ಮೈಸೂರಿನ ತಾಯಿ ಫೋನು ಮಾಡಿದರು. "ಸರ್, ತಪ್ಪು ತಿಳಿಯಬೇಡಿ. ನಿಮ್ಮ ಅಂಕಿಗಳು ಮಿಕ್ಕವರಿಂದ ದೂರ ಹೋಗ್ತಾ ಇವೆ. ಯಾವ ಕಡೆಗೆ ಅಂತ ನಾನು ಹೇಳೋದಿಲ್ಲ."

"ಮಿಕ್ಕವರು ಮೊದಲ ಲೆಕ್ಕ ಹಾಕಿಟ್ಟ ಭವಿಷ್ಯದ ಅಂಕಿ ಓದಿ ಬರೀತಾರ್ರಿ, ನಾ ಆಕಾಶ ನೋಡಿ ಬರೀತೇನಿ" ಎಂದೆ.

ಆಕೆ, "ಸರ್, ಇತ್ತೀಚೆಗೆ ಕಣ್ಣು ತೋರಿಸಿಕೊಂಡಿದ್ದೀರಾ?" ಎಂದರು.

ಊರಿಗೆಲ್ಲ ಕಣ್ಣು ತಪಾಸಿಸುವ ನನಗೆ ಈ ಮಾತು! ಫೋನಿಟ್ಟು ಮನೆಯಲ್ಲಿ ದೊಡ್ಡ ಗದ್ದಲ ಎಬ್ಬಿಸಿದೆ. ನಾನು ಪ್ರತಿ ತಿಂಗಳೂ ನನ್ನ ಕಣ್ಣನ್ನು ನಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ. ಕತ್ತಲೆ ಕೋಣೆಯಲ್ಲಿ ಎಡಗಣ್ಣು ಮುಚ್ಚಿ ಗೋಡೆಯ ಪಟ್ಟಿ ಓದುತ್ತಿದ್ದೆ. ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಒಂದೂ ತಪ್ಪದೆ ಹೇಳುತ್ತಿದ್ದೆ.

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಅವಳ ಕೈಯಿಂದ ಒಂದು ಅಂಕ ಪುಕ್ಕಟೆ ಪಡೆದ ಮಗು ಹುಬ್ಬಳ್ಳಿಯಲ್ಲಿ ಹುಟ್ಟಿಲ್ಲ. ನಮ್ಮ ಮಗಳೇ ಅವಳ ತರಗತಿಯಲ್ಲಿ ಓದಿ, ಅರ್ಧ ಅಂಕಕ್ಕೆ ಮೊದಲ ಸ್ಥಾನ ತಪ್ಪಿಸಿಕೊಂಡಳು. ಒಂದು ಚಿಹ್ನೆ ಬರೆದಿರಲಿಲ್ಲವಂತೆ. ಈಗ ಧಾರವಾಡದಲ್ಲಿ ತನ್ನದೇ ಸಂಸಾರ ಮಾಡಿಕೊಂಡಿರುವ ಮಗಳು ಹಬ್ಬಕ್ಕೆ ಬಂದಾಗಲೆಲ್ಲ ಹೋಳಿಗೆ ತಿನ್ನುತ್ತ ಆ ಅರ್ಧ ಅಂಕ ಕೇಳುತ್ತಾಳೆ. ಇವಳು ಇನ್ನೊಂದು ಹೋಳಿಗೆ ಹಾಕುತ್ತಾಳೆಯೇ ಹೊರತು ಅಂಕ ಹಾಕುವುದಿಲ್ಲ.

ಮರುದಿನ ಮಧ್ಯಾಹ್ನ, ಅಂಗಡಿ ಖಾಲಿ ಇದ್ದ ಹೊತ್ತಿಗೆ, ಅವಳು ಬುತ್ತಿ ಹಿಡಿದು ಬಂದಳು. "ಕುಂದರ್ರಿ" ಎಂದು ನನ್ನನ್ನು ಗಿರಾಕಿಯ ಕುರ್ಚಿಯಲ್ಲೇ ಕೂರಿಸಿದಳು. ಎಡಗಣ್ಣಿಗೆ ತನ್ನ ಅಂಗೈ ಮುಚ್ಚಿ, "ಓದ್ರಿ" ಎಂದಳು. ನಾನು ಮೇಲಿಂದ ಕೆಳಗಿನ ತನಕ ಗಡಗಡ ಓದಿದೆ.

"ಇನ್ನ ಕಣ್ಣು ಮುಚ್ಚಿ ಓದ್ರಿ" ಎಂದಳು.

"ಕಣ್ಣು ಮುಚ್ಚಿ ಹ್ಯಾಂಗ ಓದೂದು?"

"ಮುಚ್ರಿ, ಹೇಳ್ತೇನಿ."

ಮುಚ್ಚಿದೆ. ಬಾಯಿ ತಾನಾಗಿ ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಓಡಿತು. ಮುಗಿಸಿ ಕಣ್ಣು ತೆರೆದಾಗ ಅವಳು ನಗುತ್ತಿರಲಿಲ್ಲ. ಜೀವಮಾನವೆಲ್ಲ ಮಂದಿಗೆ ಓದಿಸುತ್ತ ಕೂತವನಿಗೆ ಆ ಪಟ್ಟಿ ಮಗ್ಗಿಯ ಹಾಗೆ ಬಾಯಿಪಾಠವಾಗಿತ್ತು. ನಾನು ತಿಂಗಳು ತಿಂಗಳು ಪರೀಕ್ಷಿಸಿಕೊಂಡದ್ದು ನನ್ನ ನೆನಪನ್ನು. ಅವಳು ನನ್ನನ್ನು ಅಂಗಡಿಯ ಬಾಗಿಲಿಗೆ ಕರೆತಂದು, ಎದುರಿನ ಔಷಧದ ಅಂಗಡಿಗೆ ಆ ವಾರವಷ್ಟೇ ಹಾಕಿದ್ದ ಹೊಸ ಬೋರ್ಡನ್ನು ತೋರಿಸಿದಳು. ಹೆಸರಿನ ಕೆಳಗೆ ಇನ್ನೊಂದು ಸಾಲು ಇದೆ ಎಂದು ತಿಳಿಯುತ್ತಿತ್ತು, ಅಷ್ಟೆ.

ವಿದ್ಯಾನಗರದ ಕಣ್ಣಿನ ಡಾಕ್ಟರು ನನಗೆ ಹಳೆಯ ಪರಿಚಯ. ಪೊರೆ ಬಂದ ನನ್ನ ಗಿರಾಕಿಗಳನ್ನೆಲ್ಲ ನಾನು ಕಳಿಸುವುದು ಅವರ ಹತ್ತಿರವೇ. ಬಲಗಣ್ಣಿಗೆ ದೀಪ ಹಿಡಿದು ನೋಡಿ ಅವರು ನಕ್ಕುಬಿಟ್ಟರು. "ಪೊರಿ ಬಲಿತೈತ್ರಿ ಮಾಲಕ್ರ. ನೀವ ಎಲ್ಲಾರಿಗೂ ಹೇಳ್ತೀರಲಾ, ಲಗೂ ಮಾಡಿಸ್ಕೋರಿ ಅಂತ?"

ಹೇಳುತ್ತಿದ್ದೆ, ನಿಜ. ನೂರಾರು ಮಂದಿಯ ಬೆನ್ನು ತಟ್ಟಿ ಕಳಿಸಿದ್ದೇನೆ. ಇರುವೆ ಕಚ್ಚಿದಷ್ಟೂ ನೋಯುವುದಿಲ್ಲ ಎಂದು ಧೈರ್ಯ ಹೇಳಿದ್ದೇನೆ. ಈಗ ನನ್ನ ಸರದಿ ಬಂದಾಗ ಆ ಧೈರ್ಯ ನನಗೇ ಸಾಲಲಿಲ್ಲ. ಅವರಿಗೆಲ್ಲ ಎರಡು ಕಣ್ಣುಗಳಿದ್ದವು. ನನಗೆ ಇದ್ದದ್ದು ಒಂದು. ಅದೇನಾದರೂ ಕೆಟ್ಟರೆ ಅಂಗಡಿ ಹೋಯಿತು, ಧೂಮಕೇತುವೂ ಹೋಯಿತು. ಈ ಹೆದರಿಕೆಯನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಬೇರೆ ನೆವ ತೆಗೆದೆ. ಡಾಕ್ಟರು ಕೊಟ್ಟ ದಿನ ಹುಣ್ಣಿಮೆ ಕಳೆದ ಎರಡನೆಯ ದಿನವಾಗಿತ್ತು.

"ಕೃಷ್ಣಪಕ್ಷದಾಗ ಬ್ಯಾಡ್ರಿ. ಶುಕ್ಲಪಕ್ಷದಾಗ ಇಟ್ಕೋರಿ" ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ನೀವೂ ಪಂಚಾಂಗ ನೋಡ್ತೀರೇನ್ರಿ?"

ಕೃಷ್ಣಪಕ್ಷದ ಸಂಜೆಗಳಲ್ಲಿ ಚಂದ್ರನಿರುವುದಿಲ್ಲ, ಧೂಮಕೇತು ನೋಡಲು ಸಿಗುವುದೇ ಆಗ. ಬೆಳದಿಂಗಳಲ್ಲಿ ಬೇಕಾದರೆ ಎರಡೂ ಕಣ್ಣು ಕಟ್ಟಿಹಾಕಿ ಎಂದು ವಿವರಿಸಿ ಹೇಳಿದೆ. ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಹೆಂಡತಿ ನಡುವೆ ಬಾಯಿ ಹಾಕಿ, "ಅದ ದಿವಸ ಇರ್ಲಿ ಡಾಕ್ಟರ್. ಇವರ ಧೂಮಕೇತು ನಾ ನೋಡ್ಕೋತೇನಿ" ಎಂದಳು.

ಅಲ್ಲಿಯ ತನಕ ಅವಳು ಧೂಮಕೇತುವನ್ನು ನನ್ನ ಎರಡನೆಯ ಸಂಸಾರ ಎಂದೇ ಕರೆಯುತ್ತಿದ್ದವಳು. ಆಪರೇಷನ್ನಿನ ಮುಂಚಿನ ದಿನಗಳಲ್ಲಿ ಅವಳಿಗೆ ಪಾಠ ಹೇಳಿದೆ. ಬೆಳದಿಂಗಳಿದ್ದುದರಿಂದ ಧೂಮಕೇತುವಂತೂ ಕಾಣುತ್ತಿರಲಿಲ್ಲ. ನಕ್ಷತ್ರಗಳ ಮೇಲೇ ಕೈ ಪಳಗಿಸಿಕೊಂಡಳು. ಫೋಕಸ್ ಕೆಡಿಸುವುದನ್ನು ಬೇಗ ಕಲಿತಳು. ಅಂದಾಜು ಎಂಬ ಮಾತು ಮಾತ್ರ ಅವಳಿಗೆ ಒಗ್ಗಲಿಲ್ಲ. "ಅಂದಾಜು ಅಂದ್ರೇನು? ಉತ್ತರ ಐತೋ ಇಲ್ಲೋ?" ಎಂದು ಜಗಳ ತೆಗೆದಳು. ನಿಯಮವನ್ನಂತೂ ಅವಳಿಗೆ ಎರಡೆರಡು ಸಲ ಹೇಳಿದೆ: ಯಾರ ಅಂಕಿಯನ್ನೂ ನೋಡಬೇಡ, ನಿನ್ನ ಅಂಕಿ ಯಾರಿಗೂ ಹೇಳಬೇಡ.

ಆಪರೇಷನ್ ಹೂವು ಎತ್ತಿದಷ್ಟು ಹಗುರಾಗಿ ಮುಗಿಯಿತು. ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ಏನೂ ತಾಗಬಾರದು ಎಂದು ಕಳಿಸಿದರು. ದೂರದರ್ಶಕಕ್ಕೆ ಕಣ್ಣು ಹಚ್ಚುವುದು ಅಮವಾಸ್ಯೆಯ ತನಕ ಬಂದ್. ಮರುಸಂಜೆ ಕಪ್ಪು ಚಷ್ಮಾ ಹಾಕಿಕೊಂಡು ಮಾಳಿಗೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಾನು ದಾರಿ ಹೇಳಿದೆ. ಅವಳು ಸೆರಗು ಸಿಕ್ಕಿಸಿಕೊಂಡು ಕೊಳವೆ ತಿರುಗಿಸಿದಳು.

"ಸಿಕ್ತು" ಎಂದಳು. ಆಮೇಲೆ ಬಹಳ ಹೊತ್ತು ಧೂಮಕೇತುವಿನಿಂದ ನಕ್ಷತ್ರಕ್ಕೆ, ನಕ್ಷತ್ರದಿಂದ ಮತ್ತೆ ಧೂಮಕೇತುವಿಗೆ ತಿರುಗಿಸುತ್ತಲೇ ಇದ್ದಳು.

"ಎಷ್ಟು?" ಎಂದು ಕೇಳಿದೆ.

"ಹೇಳಂಗಿಲ್ಲ."

"ಏ, ನನಗ ಹೇಳಾಕೇನು?"

"ಯಾರಿಗೂ ಹೇಳಬಾರದು ಅಂತ ಕಲಿಸಿದವರು ಯಾರು? ನಾಳೆ ನೀವೂ ನೋಡಾವರ. ನಿಮ್ಮ ಕಣ್ಣು ವಾಲತೈತಿ."

ನನ್ನ ನಿಯಮ ನನಗೇ ತಿರುಗಿ ನಿಂತಿತು. ದಿನಾ ಸಂಜೆ ಅವಳು ನೋಡುವುದು, ಅಂಕಿಯನ್ನು ಫೋನಿಗೆ ಹಾಕಿಕೊಳ್ಳುವುದು, ಕೆಳಗಿಳಿದು ರೊಟ್ಟಿ ಬಡಿಯುವುದು. ನಾನು ಗೋಗರೆದೆ, ಸಿಟ್ಟು ಮಾಡಿದೆ, ಒಂದು ದಿನ ಊಟ ಬೇಡವೆಂದೆ. "ಔಷಧ ಹಾಕೂದೈತಿ, ತಲಿ ಮ್ಯಾಲೆತ್ರಿ" ಎಂದಳು ಅಷ್ಟೆ. ಊಟ ನಾನೇ ಬಡಿಸಿಕೊಳ್ಳಬೇಕಾಯಿತು.

ಆದರೆ ಖರೇ ಹೇಳಬೇಕೆಂದರೆ ಆ ಸಂಜೆಗಳು ನನಗೆ ಬಹಳ ಹಿತವಾಗಿದ್ದವು. ಇಷ್ಟು ವರ್ಷ ಮಾಳಿಗೆಯಲ್ಲಿ ನಾನೊಬ್ಬನೇ ಇರುತ್ತಿದ್ದೆ. ಈಗ ಅವಳು ಗೊಣಗುತ್ತ ನಕ್ಷತ್ರ ಹುಡುಕುವುದನ್ನು ಕೇಳುತ್ತ, ಓಣಿಯ ಒಗ್ಗರಣೆಯ ವಾಸನೆ ಹೀರುತ್ತ ಆರಾಮಾಗಿ ಕೂತಿರುತ್ತಿದ್ದೆ. ಮನೆಯಲ್ಲಿ ಹೊಸ ಕಣ್ಣಿನ ಕಾಟವೂ ಶುರುವಾಗಿತ್ತು. ಬಿಳಿ ಗೋಡೆ ನೀಲಿ ಹಾಕಿ ತೊಳೆದಂತೆ ಕಂಡಿತು. ಮೂಲೆಮೂಲೆಯ ಜೇಡರ ಬಲೆಗಳೆಲ್ಲ ಎದ್ದು ಕಂಡವು. ಇದನ್ನು ಹೇಳಿದ ತಪ್ಪಿಗೆ, ಡಾಕ್ಟರು ಒಪ್ಪಿದ ದಿನ ಕೋಲು ಕಸಬರಿಗೆ ನನ್ನ ಕೈಗೇ ಬಂತು. ರಾತ್ರಿ ಮಲಗಿದಾಗ ಮಾತ್ರ ಹೆದರಿಕೆ ಮರಳುತ್ತಿತ್ತು. ಗೋಡೆ ಕಾಣುವುದು ಬೇರೆ, ಹತ್ತಿಯ ಎಳೆಯಷ್ಟು ಬೆಳಕು ಕಾಣುವುದು ಬೇರೆ.

ಅಮವಾಸ್ಯೆಯ ಸಂಜೆ ಬಂತು. ಆಕಾಶ ತೊಳೆದಿಟ್ಟಂತಿತ್ತು. ಮೊದಲು ಅವಳು ನೋಡಿ ಮುಗಿಸಿ ಸರಿದು ನಿಂತಳು. ನಾನು ಮುಂದೆ ಹೋದೆ. ಫೋಕಸ್ ಸರಿಮಾಡಿ ನೋಡಿದೆ.

ಅಲ್ಲಿತ್ತು. ಹುಡುಕುವ ಕೆಲಸವೇ ಬೀಳಲಿಲ್ಲ. ದುಂಡಗೆ, ನಡುವೆ ಒತ್ತಾಗಿ, ಒಂದು ಕಡೆಗೆ ತುಸು ಬಾಚಿದಂತೆ. ಎಷ್ಟೋ ವರ್ಷಗಳಿಂದ ಆ ಕೊಳವೆಯಲ್ಲಿ ಯಾವ ಧೂಮಕೇತುವೂ ನನಗೆ ಅಷ್ಟು ತಿಳಿಯಾಗಿ ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬಂದು ಅದು ಕಲಸಿಹೋಯಿತು. ಡಾಕ್ಟರು ಕಣ್ಣುಜ್ಜಬಾರದು ಎಂದಿದ್ದರಲ್ಲ, ತಾನಾಗಿ ಆರುವ ತನಕ ಕಾದೆ. ಆಮೇಲೆ ನಕ್ಷತ್ರಕ್ಕೆ ತಿರುಗಿಸಿ, ಮಸುಕು ಮಾಡಿ, ತೂಗಿ, ಮತ್ತೆ ತೂಗಿ ಅಂಕಿ ಬರೆದೆ.

"ಈಗಾರೆ ತೋರಿಸ್ತೀಯೋ ಇಲ್ಲೋ?"

ಅವಳು ಫೋನು ಮುಂದೆ ಹಿಡಿದಳು. ನನ್ನದು ಒಂಬತ್ತು ದಶಾಂಶ ನಾಲ್ಕು. ಅವಳದು ಒಂಬತ್ತೂವರೆ. ಹಿಂದಿನ ಸಂಜೆಗಳ ಅವಳ ಅಂಕಿಗಳೆಲ್ಲ ಅದರ ಆಸುಪಾಸಿನಲ್ಲೇ ಇದ್ದವು. ನಾನು ಆಪರೇಷನ್ನಿಗೆ ಮುಂಚೆ ಕಳಿಸಿದ ಕೊನೆಯ ಅಂಕಿ ಹತ್ತೂಕಾಲು ದಾಟಿತ್ತು. ಧೂಮಕೇತು ಸೊರಗಿರಲೇ ಇಲ್ಲ. ಪೊರೆಯು ನಕ್ಷತ್ರದ ಚುಕ್ಕಿಯನ್ನು ಹೇಗೋ ಉಳಿಸಿ, ಹರಡಿದ ಬೆಳಕನ್ನು ಮಾತ್ರ ನುಂಗುತ್ತ ಹೋಗಿತ್ತು. ಜೀವನದಲ್ಲಿ ಮೊದಲ ಸಲ, ಧೂಮಕೇತು ಮುಳುಗುವ ಮುಂಚೆಯೇ ಗುಂಪಿನ ನಕ್ಷೆ ತೆರೆದೆ. ಎಲ್ಲರ ಚುಕ್ಕಿಗಳೂ ಒಂದು ಸಮ ಸಾಲಾಗಿ ಹೋಗಿದ್ದವು. ನನ್ನವು ಮಾತ್ರ ಮೆಟ್ಟಿಲು ಇಳಿದಂತೆ ಕೆಳಗಿಳಿದಿದ್ದವು. ದೀಪಾವಳಿಯಿಂದ ನಾನು ಅಳೆಯುತ್ತ ಬಂದದ್ದು ನನ್ನ ಕಣ್ಣನ್ನು. ನಗು ಬಂತು, ಮೈಸೂರಿಗೆ ಫೋನು ಮಾಡಿ ಆ ತಾಯಿಯ ಕ್ಷಮೆ ಕೇಳಬೇಕು ಅನ್ನಿಸಿತು.

ಆಗಲೇ ಇನ್ನೊಂದು ಗಮನಕ್ಕೆ ಬಂತು. ಕೊನೆಯ ಎರಡು ವಾರಗಳಲ್ಲಿ ನಮ್ಮ ಮಾಳಿಗೆಯ ಚುಕ್ಕಿ ಒಂದೂ ಇರಲಿಲ್ಲ.

"ನಿನ್ನ ಅಂಕಿ ಕಳಿಸೇ ಇಲ್ಲೇನು?"

"ಇಲ್ಲ" ಎಂದಳು.

"ಯಾಕ?"

ಅವಳು ಕೊಳವೆಗೆ ತಾಡಪತ್ರಿ ಹೊದಿಸತೊಡಗಿದಳು. "ಮೊದಲನೇ ಸಂಜಿ ನನ್ನ ಅಂಕಿ ಹಾಕಿ, ನಿಮ್ಮ ಹಳೇ ಅಂಕಿ ತೆಗದು ನೋಡಿದಾಗನ ನನಗ ತಿಳೀತು, ನಿಮಗ ಎಷ್ಟು ಕಡಿಮಿ ಕಾಣಾಕತ್ತಿತ್ತು ಅಂತ. ಹೊಸಾ ಕಣ್ಣು ಏನ್ ಮಾಡತೈತೋ ಯಾರಿಗೆ ಗೊತ್ತು? ಅದಕ್ಕ ತಡದೆ."

"ತಡದು?"

"ನಿಮಗ ಇವತ್ತೂ ಹತ್ತೂಕಾಲ ಕಂಡಿದ್ರ, ನಂದೂ ಹತ್ತೂಕಾಲ ಮಾಡಿ ಕಳಸಾಕಿದ್ದೆ."

ನಾನು ಬಾಯಿ ತೆರೆದೆ. ಅಂಕಿ ತಿದ್ದಿದವನ ಜೊತೆ ಮಾತು ಬಿಟ್ಟವನು ನಾನು. ನಾಲಿಗೆಯ ತುದಿಗೆ ಏನೇನೋ ಬಂದಿತ್ತು. ಎದುರಿಗೆ ನಿಂತವಳು ಹೆತ್ತ ಮಗಳಿಗೂ ಅರ್ಧ ಅಂಕ ಬಿಟ್ಟುಕೊಡದವಳು. ತಾಡಪತ್ರಿಯ ಇನ್ನೊಂದು ತುದಿ ಹಿಡಿದು ಹಗ್ಗ ಕಟ್ಟಿದೆ.

"ಮಗಳಿಗೆ ಹೇಳಬ್ಯಾಡ್ರಿ ಮತ್ತ" ಎಂದಳು. ಆಮೇಲೆ ನಾವಿಬ್ಬರೂ ಅಲ್ಲೇ ನಿಂತು, ಇದ್ದ ಅಂಕಿಗಳನ್ನು ಇದ್ದ ಹಾಗೆಯೇ ಮೈಸೂರಿಗೆ ಕಳಿಸಿದೆವು. ಮೊದಲು ಅವಳವು, ಕೊನೆಗೆ ನನ್ನದೊಂದು.